ನೀರು ಹೋಗುವ ದಾರಿ

ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಆಸುಪಾಸಿನ ದಿಬ್ಬಗಳಲ್ಲಿ ಹುಟ್ಟಿ, ಹುಬ್ಬಳ್ಳಿ, ನವಲಗುಂದದ ಎರೆಹೊಲಗಳ ನಡುವೆ ಉತ್ತರಕ್ಕೆ ಹರಿದು, ನರಗುಂದ ಮತ್ತು ರೋಣದ ಸೀಮೆಯನ್ನು ದಾಟಿ ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಕೂಡುವ ಹರಿವಿನ ಹೆಸರು ಬೆಣ್ಣೆಹಳ್ಳ. ಅದರ ಉದ್ದ ನೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ನೀರು ಬಸಿದು ಬರುವ ನೆಲ 5,000 ಚದರ ಕಿಲೋಮೀಟರಿನ ಆಸುಪಾಸು. ಮಲಪ್ರಭೆಯ ಇಡೀ ಜಲಾನಯನ 11,549 ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಈ ಹಳ್ಳದ ಪಾಲು ಎಷ್ಟೆಂದು ತಿಳಿಯುತ್ತದೆ. ಆದರೂ ಶಾಲೆಯ ಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲು ಸಿಕ್ಕರೆ ಹೆಚ್ಚು. ನರಗುಂದ, ರೋಣ, ಗಜೇಂದ್ರಗಡಗಳ ನೀರಿನ ಚರಿತ್ರೆ ಎಂದರೆ ನವಿಲುತೀರ್ಥದ ಆಣೆಕಟ್ಟು, ಮಲಪ್ರಭಾ ಕಾಲುವೆ, 1980ರ ರೈತ ಬಂಡಾಯ, ಮಹದಾಯಿ ಹೋರಾಟ ಎಂದೇ ನಾವು ಬರೆಯುತ್ತ ಬಂದಿದ್ದೇವೆ. ಇವೆಲ್ಲ ನೀರು ಬರುವ ದಾರಿಯ ಕಥೆಗಳು. ಈ ಸೀಮೆಯ ಊರುಗಳು ಎಲ್ಲಿ ಬೆಳೆದವು, ಹೊಲಗಳು ಯಾಕೆ ಕೆಟ್ಟವು, ಮನೆಗಳು ಯಾಕೆ ಬಿದ್ದವು ಎಂಬುದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ನೀರು ಹೋಗುವ ದಾರಿ. ಬೆಣ್ಣೆಹಳ್ಳ ಆ ದಾರಿ. ಅದನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆಯೇ.

ಮೊದಲು ನೆಲವನ್ನು ನೋಡಬೇಕು. ಹುಬ್ಬಳ್ಳಿ ಧಾರವಾಡಗಳ ಬೆನ್ನಿನ ಮೇಲೆ ಒಂದು ನೀರಿನ ಗಡಿ ಇದೆ. ಅದರ ಪಡುವಲಿಗೆ ಬಿದ್ದ ಮಳೆ ಶಾಲ್ಮಲೆ, ಬೇಡ್ತಿಗಳಾಗಿ ಘಟ್ಟ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಮೂಡಲಿಗೆ ಬಿದ್ದದ್ದು ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭೆಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಲಿಗೆ ಹೋಗುವ ನೀರಿಗೆ ಇಳಿಜಾರುಂಟು, ಕಲ್ಲುಂಟು, ಅವಸರವುಂಟು. ಮೂಡಲಿಗೆ ಹೋಗುವ ನೀರಿಗೆ ಅದೊಂದೂ ಇಲ್ಲ. ಧಾರವಾಡದ ಕಡೆಯಿಂದ ಮೊರಬ, ಶಿರಕೋಳ, ಹಣಸಿಗಳ ಮೇಲೆ ಬರುವ ತುಪ್ಪರಿಹಳ್ಳವೂ ಇದೇ ಬಯಲಿನಲ್ಲಿ ಬೆಣ್ಣೆಹಳ್ಳಕ್ಕೆ ಬಂದು ಬೀಳುತ್ತದೆ. ನವಲಗುಂದದಿಂದ ಮುಂದೆ ನೆಲ ಹೆಚ್ಚುಕಡಿಮೆ ಅಂಗೈಯಷ್ಟು ಸಮ. ಕೆಳಗೆ ಆಳವಾದ ಎರೆಮಣ್ಣು. ಬೇಸಿಗೆಯಲ್ಲಿ ಅದು ಕಾಲು ಸಿಗಿಬೀಳುವಷ್ಟು ಬಿರಿಯುತ್ತದೆ. ಮೊದಲ ಮಳೆಗಳ ನೀರೆಲ್ಲ ಆ ಬಿರುಕುಗಳಿಗೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ನೀರು ಕೆಳಗೂ ಇಳಿಯದೆ, ಮುಂದಕ್ಕೂ ಸರಿಯದೆ ನಿಲ್ಲುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. ಬರಗಾಲದ ಪಟ್ಟಿಯಲ್ಲಿ ತಪ್ಪದೆ ಹೆಸರು ಬರುವ ಊರುಗಳು ನೆರೆಯ ಪಟ್ಟಿಯಲ್ಲೂ ತಪ್ಪದೆ ಬರುವುದಕ್ಕೆ ಕಾರಣ ಇದೇ ಮಣ್ಣು, ಇದೇ ಇಳಿಜಾರು.

ಹಿಂದಿನವರು ಇದನ್ನು ಅರಿತಿದ್ದರು ಎನ್ನಲು ಊರುಗಳ ನೆಲೆಯೇ ಸಾಕ್ಷಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ನರೇಗಲ್ಲು ಹನ್ನೆರಡು ಎಂದು ಈ ನಾಡನ್ನು ಎಣಿಸುತ್ತಿದ್ದರು. ಆಗ ಬೆಳೆದ ಅಣ್ಣಿಗೇರಿ, ಲಕ್ಕುಂಡಿ, ಕುಕನೂರು, ನರೇಗಲ್ಲು, ಸೂಡಿ, ರೋಣಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಒಂದೂ ಬೆಣ್ಣೆಹಳ್ಳದ ದಡದಲ್ಲಿಲ್ಲ. ಎಲ್ಲವೂ ಹಳ್ಳದಿಂದ ದೂರದ ನೆಲದ ಮೇಲೆ, ತಮ್ಮ ನೀರನ್ನು ತಾವೇ ಮಾಡಿಕೊಂಡು ಕೂತಿವೆ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ 11ನೆಯ ಶತಮಾನದಲ್ಲಿ ಕಿಸುಕಾಡನ್ನು ಆಳಿದಾಗ ಮುಖ್ಯ ಊರಾಗಿದ್ದ ಸೂಡಿಯಲ್ಲಿ ನಾಗಕುಂಡವಿದೆ. ಲಕ್ಕುಂಡಿಯಲ್ಲಿ ಮೆಟ್ಟಿಲಿಳಿದು ಹೋಗುವ ಬಾವಿಗಳ ಸಾಲೇ ಇದೆ. ಗಜೇಂದ್ರಗಡದ ಮರಳುಗಲ್ಲಿನ ಗುಡ್ಡದಲ್ಲಿ, ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಬಂಡೆಯಿಂದ ಜಿನುಗುವ ಅಂತರಗಂಗೆಗೆ ಊರಿನವರು ಕೊಡುವ ಮರ್ಯಾದೆ ದೇವರಿಗೆ ಕೊಡುವುದಕ್ಕಿಂತ ಕಡಿಮೆಯೇನಲ್ಲ. ಅದೇ ಕಾಲಕ್ಕೆ, ಅದಕ್ಕೂ ಹಿಂದೆ, ಮಲಪ್ರಭೆಯ ದಡದಲ್ಲಿ ಪಟ್ಟದಕಲ್ಲು ಎದ್ದಿತು, ಐಹೊಳೆ ಬೆಳೆಯಿತು. ಆದರೆ ನವಲಗುಂದದಿಂದ ಮೆಣಸಗಿಯವರೆಗಿನ ಬೆಣ್ಣೆಹಳ್ಳದ ದಡಕ್ಕೆ ಒಕ್ಕಲುತನದ ಹಳ್ಳಿಗಳು ಬಂದವೇ ಹೊರತು ಅಂಥ ಪಟ್ಟಣವೊಂದೂ ಬರಲಿಲ್ಲ.

ಇದಕ್ಕೆ ಸುಲಭದ ಉತ್ತರವೊಂದುಂಟು: ಕಲ್ಲು ಇದ್ದಲ್ಲಿ ಗುಡಿ, ಗುಡಿ ಇದ್ದಲ್ಲಿ ಊರು, ಎರೆಬಯಲಿನಲ್ಲಿ ಕಲ್ಲಿಲ್ಲ, ಆದ್ದರಿಂದ ಪಟ್ಟಣವೂ ಇಲ್ಲ. ಮಾತು ಬಾದಾಮಿ, ಪಟ್ಟದಕಲ್ಲುಗಳಿಗೆ ಸರಿ. ಅಣ್ಣಿಗೇರಿಗೆ ಸರಿಹೋಗುವುದಿಲ್ಲ. ಅಣ್ಣಿಗೇರಿ ಬೆಳ್ವೊಲದ ರಾಜಧಾನಿ. ಸುತ್ತ ನೋಡಿದಷ್ಟೂ ಎರೆ. ಅಲ್ಲಿನ ಅಮೃತೇಶ್ವರ ಗುಡಿಗೆ ಬಳಪದ ಕಲ್ಲನ್ನು ಹೊರಗಿನಿಂದ ಸಾಗಿಸಿ ತಂದರು. ಕಲ್ಲು ಹೇರುವ ಶಕ್ತಿ, ದುಡ್ಡು, ಎತ್ತು ಎಲ್ಲವೂ ಇದ್ದವರು ಅದನ್ನು ಹಳ್ಳದ ದಡಕ್ಕೂ ಹೇರಬಹುದಿತ್ತು. ಹೇರಲಿಲ್ಲ. ಬೆಣ್ಣೆಹಳ್ಳದ ದಡ ಮಣ್ಣಿನದು, ಕಡಿದಾದದ್ದು, ಮಳೆಗಾಲಕ್ಕೊಮ್ಮೆ ಕುಸಿಯುವಂಥದು, ನೀರು ಸವಳು. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಬಂಡೆಗಳ ನಡುವೆ ಹರಿಯುತ್ತದೆ. ಆ ಹೊಳೆ ಉಕ್ಕಿದರೂ ಇಂಥಿಷ್ಟರ ಒಳಗೆ ಎಂದು ಅಂದಾಜು ಸಿಗುತ್ತದೆ. ಬಯಲಿನ ಹಳ್ಳ ಉಕ್ಕಿದರೆ ಎಲ್ಲಿಯವರೆಗೆ ಎಂದು ಹೇಳಲಾಗದು. ಕಲ್ಲಿನ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆದರೆ ಅದೊಂದೇ ಸಾಲದು. ಇಲ್ಲಿ ಒಂದು ಸಣ್ಣ ಸೋಜಿಗವನ್ನು ಹೇಳಿಬಿಡಬಹುದು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೇಯನ ಹೆಸರು ಈ ಸೀಮೆಯ ಎರಡೂ ತುದಿಗಳಲ್ಲಿ ಉಳಿದಿದೆ: ಹಳ್ಳ ಹುಟ್ಟುವ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಅವನ ಹೆಸರಿನದು, ಈಚೆ ನರಗುಂದ ತಾಲ್ಲೂಕಿನ ಕೊಣ್ಣೂರಿನ ಶಾಸನ ಅವನು ಕಟ್ಟಿಸಿದ ಜಿನಾಲಯಕ್ಕೆ 860ರಲ್ಲಿ ಅರಸ ಬಿಟ್ಟ ದತ್ತಿಯನ್ನು ಹೇಳುತ್ತದೆ. ಹಳ್ಳದ ಉದ್ದಕ್ಕೂ ಅವನ ಅಧಿಕಾರ ಹರಡಿತ್ತು ಎನ್ನುವಷ್ಟು ಇದು ಸಾಕ್ಷಿಯಾಗದು. ನಾವು ತಾಲ್ಲೂಕು ತಾಲ್ಲೂಕಾಗಿ ಒಡೆದು ಓದುವ ಈ ನೆಲವನ್ನು ಒಟ್ಟಾಗಿಯೂ ಓದಬಹುದು ಎಂಬುದಕ್ಕೆ ಮಾತ್ರ ಸಾಕು.

ಮುಂದಿನ ಅರಸರ ಕಥೆ ಗುಡ್ಡಗಳ ಮೇಲೆ ನಡೆದದ್ದು. ನರಗುಂದದ ಗುಡ್ಡ, ಗಜೇಂದ್ರಗಡದ ಗುಡ್ಡ, ಎರಡರ ಮೇಲೂ ಕೋಟೆಗಳೆದ್ದವು. 1785ರಲ್ಲಿ ಟಿಪ್ಪುವಿನ ಪಡೆ ನರಗುಂದವನ್ನು ಹಿಡಿದದ್ದು, 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಅದು ಮರಾಠರಿಗೆ ಮರಳಿದ್ದು, 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ಮೇಲೆ ತಿರುಗಿಬಿದ್ದು ಗಲ್ಲಿಗೇರಿದ್ದು ಎಲ್ಲರಿಗೂ ಗೊತ್ತಿರುವಂಥವು. ಚರಿತ್ರೆಕಾರರ ಕಣ್ಣು ಕೋಟೆಯ ಮೇಲೆ ನಿಂತುಬಿಟ್ಟಿದೆ. ಕಂದಾಯ ಕೊಟ್ಟು ಕೋಟೆಯನ್ನು ಸಾಕಿದ್ದು ಕೆಳಗಿನ ಎರೆ. ಆ ಎರೆಯನ್ನು ಮಳೆಗಾಲದ ಮುಕ್ಕಾಲು ಪಾಲು ಬೀಳುಬಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಬಿತ್ತುವ ಪದ್ಧತಿ ಬಡತನದಿಂದ ಬಂದದ್ದಲ್ಲ, ಲೆಕ್ಕದಿಂದ ಬಂದದ್ದು. ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲಿನ ಹೆಚ್ಚಿನ ನೀರು ಹಳ್ಳಕ್ಕೆ ಹೋಗುತ್ತದೆ, ಹದ ಉಳಿಯುತ್ತದೆ, ಚಳಿಗಾಲದ ಇಬ್ಬನಿಗೆ ಜೋಳ ಬರುತ್ತದೆ. ಈ ಇಡೀ ಒಕ್ಕಲುತನ ನಿಂತದ್ದು ಹೆಚ್ಚಿನ ನೀರು ಹೋಗಿಬಿಡುತ್ತದೆ ಎಂಬ ನಂಬಿಕೆಯ ಮೇಲೆ.

ಕುಡಿಯುವ ನೀರಿನ ಕಥೆಯೂ ಇದಕ್ಕೆ ಸೇರಿದ್ದೇ. ಎರೆಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಹೀಗಾಗಿ ಊರಿಗೊಂದು ಕೆರೆ ಕಟ್ಟಿ, ಮಳೆನೀರು ಹಿಡಿದು, ಅದನ್ನೇ ವರ್ಷವಿಡೀ ಕುಡಿದರು. ನವಲಗುಂದದ ನೀಲಮ್ಮನ ಕೆರೆಯ ಸಿಹಿನೀರಿನ ಖ್ಯಾತಿ ಹುಟ್ಟಿದ್ದು ಸುತ್ತಲಿನ ಸವಳಿನಿಂದ. ಆದರೆ ಕುಡಿಯಲು ಬಾರದ ಹಳ್ಳವನ್ನು ಜನ ದೂರವೇನೂ ಮಾಡಲಿಲ್ಲ. ಯಮನೂರಿನ ಚಾಂಗದೇವರ ಉರುಸಿಗೆ ಹಿಂದೂ ಮುಸ್ಲಿಮರೆನ್ನದೆ ಬರುವ ಸಾವಿರಾರು ಮಂದಿ ಮೊದಲು ಬೆಣ್ಣೆಹಳ್ಳದಲ್ಲಿ ಮೀಯುತ್ತಾರೆ. ಮೈಮೇಲಿನ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ. ಅದೇ ಹಳ್ಳದ ನೀರಿನಿಂದ ಅಲ್ಲಿ ದೀಪ ಉರಿಸುತ್ತಾರೆಂಬುದೂ ಪ್ರಸಿದ್ಧ. ಈಗ ಮೇಲ್ಗಡೆ ಹುಬ್ಬಳ್ಳಿಯ ಗಟಾರದ ನೀರು ಇದೇ ಹಳ್ಳಕ್ಕೆ ಸೇರುತ್ತದೆ ಎಂಬುದನ್ನು ಭಕ್ತರೂ ಬಲ್ಲರು, ನಗರದವರೂ ಬಲ್ಲರು. ಇನ್ನೊಂದು ಸಾಕ್ಷಿ ನೆಲದೊಳಗಿನದು. ನರಗುಂದದ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. ನೆಲ ಅಗೆದು ಮಾಡಿದ ಕಣಜದಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯಬೇಕಾದರೆ ಒಳಗೆ ತೇವ ಇರಬಾರದು. ಹಗೇವುಗಳ ಊರು ಎಂದರೆ ತಳ ಒಣಗಿರುವ ಊರು ಎಂದೇ ಅರ್ಥ.

ಬ್ರಿಟಿಷರ ಕಾಲದಲ್ಲಿ ಹತ್ತಿಯ ಬೆಲೆ ಈ ನೆಲದ ಭಾಗ್ಯವನ್ನು ತೂಗತೊಡಗಿತು. ಎರೆಯಲ್ಲಿ ಮಳೆಗಾಲಕ್ಕೆ ಬಂಡಿ ಹೋಗದು, ಹಳ್ಳ ಬಂದರೆ ಆಚೆ ದಡ ಆಚೆಗೇ. 1876–78ರ ಬರ ಧಾರವಾಡ, ವಿಜಾಪುರದ ಸೀಮೆಯನ್ನು ಹಿಂಡಿದ ಮೇಲೆ, ಕಾಳು ಸಾಗಿಸುವ ದಾರಿ ಬೇಕೆಂದು ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. ಗದಗದಿಂದ ಹೊಟಗಿಗೆ ಹೋಗುವ ಅದರ ಹಾದಿ ಹೊಳೆಆಲೂರಿನ ಬಳಿ ಮಲಪ್ರಭೆಯನ್ನು ದಾಟುತ್ತದೆ. ಇದಕ್ಕಿಂತ ನನ್ನ ವಾದಕ್ಕೆ ಹತ್ತಿರವಾದದ್ದು ಒಡ್ಡುಗಳ ಕಥೆ. 1942ರ ಮುಂಬೈ ಭೂ ಅಭಿವೃದ್ಧಿ ಯೋಜನೆಗಳ ಕಾಯಿದೆಯ ನಂತರ ಇಲಾಖೆಯವರು ಬರಪೀಡಿತ ಜಿಲ್ಲೆಗಳಲ್ಲಿ ಸಮಪಾತಳಿ ಒಡ್ಡುಗಳನ್ನು ಹಾಕಿಸುತ್ತ ಹೋದರು. ಮಸಾರಿ ನೆಲದಲ್ಲಿ ಅವು ಚೆನ್ನಾಗಿಯೇ ನಡೆದವು. ಆಳದ ಎರೆಯಲ್ಲಿ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯಿತು, ಇಲ್ಲವೆ ಒಡ್ಡೇ ಬಿರಿದು ಒಡೆಯಿತು. ಇಳಿಜಾರಿಗೆ ಸ್ವಲ್ಪ ವಾಲಿಸಿ, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬಿಟ್ಟು ಹಾಕಿದ ಒಡ್ಡುಗಳು ಮಾತ್ರ ಉಳಿದವು. ನೀರನ್ನು ತಡೆಯುವುದಷ್ಟೇ ಕೆಲಸವೆಂದು ತಿಳಿದು ಮಾಡಿದ್ದು ಸೋತಿತು, ಬಿಡುವುದನ್ನೂ ಸೇರಿಸಿ ಮಾಡಿದ್ದು ಗೆದ್ದಿತು. ಆ ಪಾಠ ಕಡತ ಸೇರಿತು, ಅಷ್ಟೆ.

1970ರ ದಶಕದ ಆರಂಭಕ್ಕೆ ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಗೆ ಆಣೆಕಟ್ಟು ಬಂತು; 37.73 ಟಿಎಂಸಿ ಅಡಿ ನೀರು ನಿಲ್ಲಿಸುವ ಸಾಮರ್ಥ್ಯ. ಅಲ್ಲಿಂದ ಹೊರಟ ಕಾಲುವೆಗಳು ನವಲಗುಂದ, ನರಗುಂದದ ಎರೆಗೆ ಇಳಿದವು, ರೋಣದ ಕಡೆಗೂ ಚಾಚಿದವು. ಸಾವಿರ ವರ್ಷ ಹೋಗುವ ನೀರಿನ ಲೆಕ್ಕದಲ್ಲಿ ಬದುಕಿದ ನೆಲಕ್ಕೆ ಬರುವ ನೀರಿನ ಲೆಕ್ಕ ಹೊಸದು. ಕಾಲುವೆ ತೋಡಿದವರು ಹೊಲದಿಂದ ಹಳ್ಳಕ್ಕೆ ಬಸಿಗಾಲುವೆ ತೋಡುವುದರಲ್ಲಿ ಅಷ್ಟೇ ಶ್ರದ್ಧೆ ತೋರಲಿಲ್ಲ. ಕಾಲುವೆಯ ಮೊದಲಿನವರಿಗೆ ನೀರು ಹೆಚ್ಚಾಯಿತು, ಕೊನೆಯವರಿಗೆ ಮುಟ್ಟಲೇ ಇಲ್ಲ. ಆದರೆ ಸುಧಾರಣಾ ಕರದ ನೋಟಿಸು ಇಬ್ಬರಿಗೂ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗುಂಡು ಹಾರಿತು, ಪ್ರಾಣಗಳು ಹೋದವು. ರಾಜ್ಯದ ರೈತ ಚಳವಳಿಗೂ, ಗುಂಡೂರಾವ್ ಸರ್ಕಾರದ ವಿರುದ್ಧ ಎದ್ದ ಅಲೆಗೂ ಅದೇ ಮೊದಲ ಕಿಡಿ. ಆ ಬಂಡಾಯವನ್ನು ಕರದ ವಿರುದ್ಧದ ಬಂಡಾಯವೆಂದೇ ನೆನೆಯುತ್ತೇವೆ. ನೆಲ ಸುಧಾರಿಸಿದೆ ಎಂದು ಸರ್ಕಾರ ಹೇಳಿತು. ಸುಧಾರಿಸಿಲ್ಲ ಎಂದು ರೈತ ಹೇಳಿದ. ಈ ಜಗಳದ ತಿರುಳು ಮಣ್ಣಿನದು.

ಮುಂದೆ ಆದದ್ದು ರೈತನ ಮಾತನ್ನೇ ಹಿಡಿದು ನಿಂತಿತು. ಕಾಲುವೆಯ ನೀರು ಹೆಚ್ಚಾಗಿ ಬಿದ್ದ ಕಡೆ ಸವಳು ಜವಳು ಹಬ್ಬಿ, ಬೆಳ್ಳಗೆ ಉಪ್ಪು ಹೊದ್ದ ಹೊಲಗಳು ಬಿತ್ತನೆಗೆ ಬಾರದಾದವು. ನರಗುಂದ ಪಟ್ಟಣದಲ್ಲಿ ಈಚಿನ ವರ್ಷಗಳಲ್ಲಿ ಮನೆಯೊಳಗೆ, ಅಂಗಳದಲ್ಲಿ, ರಸ್ತೆಯಲ್ಲಿ ನೆಲ ಏಕಾಏಕಿ ಕುಸಿದು ಹೊಂಡ ಬೀಳುತ್ತಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂತರ್ಜಲ ಮೇಲೇರಿದೆ, ಮರೆತುಹೋದ ಹಳೆಯ ಹಗೇವುಗಳಿಗೆ ತೇವ ಇಳಿದು ಅವು ಬಾಯಿಬಿಡುತ್ತಿವೆ ಎಂಬುದು ಅದಕ್ಕೆ ಕೊಡುವ ಕಾರಣ. ಒಣನೆಲವನ್ನು ನಂಬಿ ಅಜ್ಜ ತೋಡಿದ ಕಣಜಕ್ಕೆ ಮೊಮ್ಮಗನ ಪಡಸಾಲೆ ಬೀಳುತ್ತಿದೆ.

ನೆರೆಯ ಮಾತಿಗೆ ಬಂದರೆ ಎದುರುವಾದ ಗಟ್ಟಿಯಾಗಿದೆ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು ಮುಳುಗಿದ್ದು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಅಲ್ಲಿ ಕಿತ್ತುಹೋದದ್ದು ಆಣೆಕಟ್ಟಿನಿಂದ ಬಿಟ್ಟ ನೀರಿನಿಂದ. ಘಟ್ಟದ ಮಳೆಯಿಂದ ಬಂದ ಮಲಪ್ರಭೆಯ ನೆರೆ ಅದು, ಬೆಣ್ಣೆಹಳ್ಳದ ಮೇಲೆ ಯಾಕೆ ಹೊರೆ ಹಾಕುತ್ತೀರಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಣ್ಣೂರು ಇರುವುದು ಸಂಗಮಕ್ಕಿಂತ ಮೇಲೆ. ಅಲ್ಲಿ ಆ ವರ್ಷ ಬಂದದ್ದು ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ನೀರೇ. ಆದರೆ ಹತ್ತು ವರ್ಷ ಹಿಂದಕ್ಕೆ ಹೋಗಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು, ಹಸ್ತ ಮಳೆಯ ಕಾಲ. ಆಗ ಸುರಿದದ್ದು ಬಯಲುಸೀಮೆಯ ಮೇಲೆ. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ತಮ್ಮ ದಡ ಮೀರಿ ಹರಡಿದವು. ಮೆಣಸಗಿ, ಹೊಳೆಆಲೂರಿನ ಸುತ್ತಿನ ಊರುಗಳು ನೀರಿನಲ್ಲಿ ನಿಂತವು. ಮಣ್ಣಿನ ಮನೆಗಳು ಕರಗಿದವು. ಆಮೇಲೆ ‘ಆಸರೆ’ ಮನೆಗಳು, ನವಗ್ರಾಮಗಳು ಬಂದವು. ನವಿಲುತೀರ್ಥದ ಆಣೆಕಟ್ಟು ಹಿಡಿಯುವುದು ಮಲಪ್ರಭೆಯ ಒಟ್ಟು ಜಲಾನಯನದ ನಾಲ್ಕನೇ ಒಂದು ಭಾಗದ ನೀರನ್ನೂ ಅಲ್ಲ. ಅದಕ್ಕಿಂತ ದೊಡ್ಡ ನೆಲದ ನೀರನ್ನು ಬೆಣ್ಣೆಹಳ್ಳ ಯಾವ ಬಾಗಿಲೂ ಇಲ್ಲದೆ ತಂದು ಮೆಣಸಗಿಯಲ್ಲಿ ಸುರಿಯುತ್ತದೆ. ಆಣೆಕಟ್ಟಿನ ನೆರೆಗೆ ಮುನ್ಸೂಚನೆ ಕೊಡಲು ಅಧಿಕಾರಿ ಇದ್ದಾನೆ, ಹಳ್ಳದ ನೆರೆಗೆ ಅಂಥವನಿಲ್ಲ. ಎರಡೂ ಒಟ್ಟಿಗೆ ಬಂದ ದಿನ ಮಲಪ್ರಭೆ ತುಂಬಿದ್ದರೆ ಹಳ್ಳಕ್ಕೆ ಹೋಗಲು ಜಾಗವಿಲ್ಲ. ಅದು ಹಿಂದಕ್ಕೆ ತಿರುಗಿ ಯಾವಗಲ್ಲು, ಕುರ್ಲಗೇರಿ, ಸುರಕೋಡದ ಹೊಲಗಳಲ್ಲಿ ಜಾಗ ಹುಡುಕುತ್ತದೆ. ಪಾತ್ರದೊಳಗೆ ಬಳ್ಳಾರಿ ಜಾಲಿ ಬೆಳೆದು, ಹೂಳು ತುಂಬಿ, ದಡದವರೆಗೂ ಉಳುಮೆ ಬಂದಮೇಲೆ ಆ ಜಾಗ ಇನ್ನಷ್ಟು ಕಿರಿದಾಗಿದೆ. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರು ಈ ಹಳ್ಳದ ನೆರೆಯ ಬಗ್ಗೆ ವರದಿಯನ್ನೇ ಕೊಟ್ಟಿದ್ದರು. ಪ್ರತಿ ನೆರೆಯ ನಂತರ ಆ ಹೆಸರು ಸಭೆಗಳಲ್ಲಿ ಕೇಳಿಬರುತ್ತದೆ, ನೀರು ಇಳಿದಂತೆ ಹೆಸರೂ ಇಳಿಯುತ್ತದೆ.

ಇದಕ್ಕಿಂತ ನೋವಿನ ಎದುರುಮಾತು ಇನ್ನೊಂದಿದೆ. ಬಾಯಾರಿದ ಸೀಮೆಗೆ ನೀರು ಹೊರಹಾಕುವ ಪಾಠ ಹೇಳುವುದು ಹಂಗಿಸಿದಂತಲ್ಲವೆ? 2015ರ ಜುಲೈಯಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತವರು ಮಹದಾಯಿಯ ನೀರು ಕೇಳಿದ್ದು ಕುಡಿಯಲಿಕ್ಕೆ. ಅವರ ಬೇಡಿಕೆ ನ್ಯಾಯವಾದದ್ದು. ಈ ಲೇಖನದ ಯಾವ ಸಾಲೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಳತೆ ಬೇಕು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕೊಟ್ಟ ತೀರ್ಪಿನಲ್ಲಿ ಕಳಸಾ ಯೋಜನೆಗೆ 1.72, ಬಂಡೂರಿ ಯೋಜನೆಗೆ 2.18, ಒಟ್ಟು 3.90 ಟಿಎಂಸಿ ಅಡಿ ಮಲಪ್ರಭೆಗೆ ಬರಬೇಕು. ಆಣೆಕಟ್ಟಿನ ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲು ಅದು. ಪಟ್ಟಣಗಳ ನಲ್ಲಿಗೆ ಅದು ದೊಡ್ಡದು, ಎರೆಯ ಒಕ್ಕಲುತನದ ತೊಡಕನ್ನು ಬಿಡಿಸಲು ಅದು ಬಂದದ್ದೇ ಅಲ್ಲ. 2016ರ ಜುಲೈಯಲ್ಲಿ ಮಧ್ಯಂತರ ಆದೇಶ ರಾಜ್ಯದ ವಿರುದ್ಧ ಬಂದಾಗ ಪೊಲೀಸರು ಮನೆಹೊಕ್ಕು ಲಾಠಿ ಬೀಸಿದ ಯಮನೂರು ಬೆಣ್ಣೆಹಳ್ಳದ ದಡದ ಊರು. ಸಹ್ಯಾದ್ರಿಯ ಆಚೆಯ ಹೊಳೆಗಾಗಿ ಆ ಊರು ಏಟು ತಿಂದಿತು. ಅದರ ಬದಿಯಲ್ಲೇ ಹರಿಯುವ ಹಳ್ಳದ ಪರವಾಗಿ ಅಂಥ ಒಂದು ಧರಣಿಯೂ ನಡೆದದ್ದಿಲ್ಲ.

ಹಾಗಾದರೆ ಈ ಹಳ್ಳಕ್ಕೇ ಒಂದು ಆಣೆಕಟ್ಟು ಕಟ್ಟಿ, ನೆರೆಯೂ ನಿಲ್ಲಲಿ, ನೀರೂ ಉಳಿಯಲಿ ಎನ್ನುವವರಿದ್ದಾರೆ. ಕೇಳಲು ಚೆಂದ. ನವಿಲುತೀರ್ಥದಲ್ಲಿ ಹೊಳೆ ಎರಡು ಗುಡ್ಡಗಳ ಸಂದಿಯಲ್ಲಿ ಹಾಯುತ್ತದೆ, ಸಂದಿ ಮುಚ್ಚಿದರೆ ಆಯಿತು. ಬೆಣ್ಣೆಹಳ್ಳಕ್ಕೆ ಅಂಥ ಸಂದಿಯೇ ಇಲ್ಲ. ಸಮನೆಲದಲ್ಲಿ ಕಟ್ಟೆ ಎತ್ತರಿಸಿದಷ್ಟೂ ಮುಳುಗುವುದು ಅತ್ಯುತ್ತಮ ಎರೆ, ನಿಲ್ಲುವುದು ಸವಳು ಬೆರೆತ ನೀರು. ಮೇಲ್ಗಡೆ, ದುಂಡಶಿಯ ಮತ್ತು ಧಾರವಾಡದ ಬದಿಯ ಮಸಾರಿ ದಿಬ್ಬಗಳಲ್ಲಿ ಕೆರೆಗಳ ಹೂಳೆತ್ತಿ ಅಲ್ಲಲ್ಲೇ ತಡೆದರೆ ಅದು ಬೇರೆ ಮಾತು. ಮೇಲೆ ತಡೆದ ನೀರು ಕೆಳಗೆ ನೆರೆಯಾಗುವುದಿಲ್ಲ. ಕೆಳಗಿನ ಬಯಲಿಗೆ ಬೇಕಾದದ್ದು ಹಳ್ಳದ ಅಗಲ: ನೆರೆಯಲ್ಲಿ ಅದು ಎಲ್ಲಿಯವರೆಗೆ ಹರಡುತ್ತದೋ ಅಲ್ಲಿಯವರೆಗಿನ ಗಡಿಯನ್ನು ಅಳೆದು, ಕಲ್ಲು ನೆಟ್ಟು, ಪಹಣಿಯಲ್ಲಿ ಬರೆದು, ಅದರೊಳಗಿನ ರೈತನಿಗೆ ಮುಳುಗಿದ ವರ್ಷ ತಕರಾರಿಲ್ಲದೆ ಪರಿಹಾರ ಸಿಗುವಂತೆ ಮಾಡುವುದು, ಕಾಲುವೆಯ ಹೊಲಗಳಿಂದ ಹಳ್ಳದವರೆಗೆ ಬಸಿಗಾಲುವೆಗಳನ್ನು ಮುಗಿಸುವುದು, ಹುಬ್ಬಳ್ಳಿಯ ಹೊಲಸನ್ನು ಹುಬ್ಬಳ್ಳಿಯಲ್ಲೇ ಶುದ್ಧಮಾಡುವುದು. ಇದರಲ್ಲಿ ಉದ್ಘಾಟನೆಯ ಕಲ್ಲು ಹಾಕುವಂಥದ್ದು ಕಡಿಮೆ, ಅದಕ್ಕೇ ಇದು ನಡೆಯುವುದಿಲ್ಲ. ನರಗುಂದ, ರೋಣ, ಗಜೇಂದ್ರಗಡದವರು ಮುಂದಿನ ಸಲ ಮತ ಕೇಳಲು ಬಂದವರನ್ನು ಮಹದಾಯಿ ಯಾವಾಗ ಬರುತ್ತದೆ ಎಂದು ಕೇಳುವುದರ ಜೊತೆಗೆ ಬೆಣ್ಣೆಹಳ್ಳದ ಗಡಿಕಲ್ಲು ಯಾವಾಗ ನೆಡುತ್ತೀರಿ ಎಂದೂ ಕೇಳಬೇಕು.